ಇಬ್ಬರಿಗೊಂದು ಪರಂಜಿ

ಹೋಸಿಯತ್ ಗಿಡ್ಡಗಿದ್ದಳು, ಬಹ್ರಿ ಎತ್ತರವಾಗಿದ್ದಳು. ಇದನ್ನು ಮೊದಲೇ ಹೇಳಿಬಿಡಬೇಕು, ಏಕೆಂದರೆ ಇಬ್ಬರಿಗೂ ಸೇರಿ ಇದ್ದದ್ದು ಒಂದೇ ಪರಂಜಿ.

ಅದು ತೀರಿಹೋದ ಅತ್ತೆಯದು. ನೆತ್ತಿಯಿಂದ ಹಿಮ್ಮಡಿಯವರೆಗೆ ಇಳಿಬೀಳುವ ಬೂದು ಬಣ್ಣದ ನಿಲುವಂಗಿ. ಅದರ ತೋಳುಗಳು ತೊಡುವುದಕ್ಕಲ್ಲ, ಬೆನ್ನ ಹಿಂದೆ ಜೋಡಿಸಿ ಹೊಲಿದು ಬಿಟ್ಟವು. ಮುಖದ ಮುಂದೆ ಚಚ್ವಾನ್, ಅಂದರೆ ಕುದುರೆ ಬಾಲದ ಕೂದಲಿನಿಂದ ಹೆಣೆದ ಕರಿ ಜಾಲರಿ, ಹಣೆಯಿಂದ ಸೊಂಟದವರೆಗೆ. ಅತ್ತೆ ಬಹ್ರಿಯಷ್ಟೇ ಎತ್ತರದವಳಾಗಿದ್ದಳಂತೆ. ಹಾಗಾಗಿ ಬಹ್ರಿ ಹೊದ್ದರೆ ಅದು ಹೇಳಿ ಮಾಡಿಸಿದಂತೆ ಇರುತ್ತಿತ್ತು. ಹೋಸಿಯತ್ ಹೊದ್ದರೆ ಅಂಚು ನೆಲದಲ್ಲಿ ಎಳೆಯುತ್ತಿತ್ತು. ಕಾಲುವೆ ದಾಟುವಾಗ ಎರಡೂ ಕೈಯಲ್ಲಿ ಎತ್ತಿ ಹಿಡಿಯಬೇಕು, ಮನೆಗೆ ಬಂದ ಮೇಲೆ ಕೆಸರು ಒಣಗಿಸಿ ಉದುರಿಸಬೇಕು.

"ಓಪಾ, ಶುಕ್ರವಾರ ನೀನು ಓಡಾಡಿದ್ರೆ ಸಾಕು, ಬೀದಿ ಗುಡಿಸೋರಿಗೆ ಒಂದಿನ ರಜ ನೋಡು," ಅನ್ನುವಳು ಬಹ್ರಿ. ನಮ್ಮ ಮಾರ್ಗಿಲಾನ್ ಊರಿನಲ್ಲಿ ತನಗಿಂತ ಹಿರಿಯಳನ್ನು ಓಪಾ ಎಂದೇ ಕರೆಯುವುದು.

"ನೀನು ಓಡಾಡಿದ್ರೆ ಬಾಗಿಲ ಚೌಕಟ್ಟು ಮುರಿಯತ್ತೆ. ಒಂಟೆ ಕಣೇ ನೀನು. ಒಂಟೆಗೆ ಯಾಕೆ ಪರಂಜಿ?"

ಇಬ್ಬರೂ ಓರಗಿತ್ತಿಯರು. ಹೋಸಿಯತ್‌ಳ ಗಂಡ ಎರ್ಗಶ್ ಹಿರಿಯವನು, ಬಹ್ರಿಯ ಗಂಡ ಮೂಮಿನ್ ಕಿರಿಯವನು. ಅಣ್ಣತಮ್ಮಂದಿರು ಹೊರಗಿನ ಕೋಣೆಯಲ್ಲಿ ಮಗ್ಗದ ಗುಂಡಿಯೊಳಗೆ ಕಾಲು ಬಿಟ್ಟು ಕೂತು ರೇಷ್ಮೆ ನೇಯುವರು. ಹೆಂಗಸರು ಒಳ ಅಂಗಳದಲ್ಲಿ ಬಿಸಿನೀರ ಬಾನಿಯ ಮುಂದೆ ಕೂತು ಗೂಡು ಬೇಯಿಸಿ ನೂಲು ತೆಗೆಯುವರು. ಹೋಸಿಯತ್‌ಗೆ ಮಕ್ಕಳಾಗಲಿಲ್ಲ. ಬಹ್ರಿಗೆ ಗುಲ್ಸುಮ್ ಎಂಬ ಒಂದು ಹೆಣ್ಣು ಕೂಸು.

ಇಬ್ಬರಿಗೊಂದು ಪರಂಜಿ ಎಂದರೆ ನಗಾಡುವಂಥದ್ದೇನಲ್ಲ. ನೇಕಾರರ ಬೀದಿಯಲ್ಲಿ ಅಂಥ ಮನೆಗಳು ಬಹಳ ಇದ್ದವು. ಒಬ್ಬಳು ಹೊರಗೆ ಹೋದರೆ ಇನ್ನೊಬ್ಬಳು ಒಳಗೆ. ಸೋಮವಾರದಿಂದ ಗುರುವಾರದವರೆಗೆ ಬೆಳಿಗ್ಗೆ ಬಹ್ರಿಯ ಸರದಿ. ಸೋವಿಯತ್ ಸರ್ಕಾರ ಬಂದ ಮೇಲೆ ಹಳೇ ಸಾಹುಕಾರನೊಬ್ಬನ ಮನೆಯಲ್ಲಿ ತೆರೆದಿದ್ದ ಹೆಂಗಸರ ಕ್ಲಬ್ಬಿಗೆ ಅವಳು ಅಕ್ಷರ ಕಲಿಯಲು ಹೋಗುತ್ತಿದ್ದಳು. ಶುಕ್ರವಾರ ಇಡೀ ದಿನ ಹೋಸಿಯತ್‌ಳದು. ಅವಳ ತಾಯಿ ಕಾಲುವೆಯಾಚೆಯ ಕೇರಿಯಲ್ಲಿ ಒಬ್ಬಳೇ ಇದ್ದಳು. ಎದೆಯ ಕಾಯಿಲೆ, ಕಣ್ಣೂ ಮಬ್ಬು. ಶುಕ್ರವಾರ ಹೋಸಿಯತ್ ಹೋಗಿ ಹಿಟ್ಟಿನ ಗಂಜಿ ಕಾಯಿಸಿ ಕುಡಿಸುವಳು, ತಲೆ ತೊಳೆದು ಬಾಚಿ ಸಣ್ಣ ಸಣ್ಣ ಜಡೆ ಹೆಣೆಯುವಳು, ಹಾಸಿಗೆ ಬಿಸಿಲಿಗೆ ಹಾಕುವಳು. ಮಿಕ್ಕ ದಿನ ಪಕ್ಕದ ಮನೆಯವರು ಒಂದು ಬಟ್ಟಲು ಚಹಾ ಕೊಟ್ಟರೆ ಉಂಟು. ಆ ಮುದುಕಿ ವಾರವಿಡೀ ಬದುಕುತ್ತಿದ್ದದ್ದು ಶುಕ್ರವಾರಕ್ಕಾಗಿ.

ಜಾಲರಿಯೊಳಗೆ ಒಬ್ಬರ ಉಸಿರು ಇನ್ನೊಬ್ಬರಿಗೆ ಉಳಿದಿರುತ್ತಿತ್ತು. ಬಹ್ರಿ ಕ್ಲಬ್ಬಿನಲ್ಲಿ ಕೈ ತೊಳೆಯುವ ಸಾಬೂನಿನ ವಾಸನೆ ಹೋಸಿಯತ್‌ಗೆ ಸಿಗುವುದು. ಹೋಸಿಯತ್ ತಾಯಿಗೆ ಹಚ್ಚುವ ಕುರಿಕೊಬ್ಬಿನ ವಾಸನೆ ಬಹ್ರಿಗೆ ಸಿಗುವುದು.

ಆ ವರ್ಷ ಮಾರ್ಚ್ ಎಂಟಕ್ಕೆ ಊರ ಚೌಕದಲ್ಲಿ ಹೆಂಗಸರ ಸಭೆ. ಬೆಳಿಗ್ಗೆ ಬಹ್ರಿ ಪರಂಜಿ ಹೊದ್ದು ಹೋದಳು. ಮಧ್ಯಾಹ್ನ ವಾದ್ಯದ ಸದ್ದು ಅಂಗಳದವರೆಗೂ ಕೇಳಿಸಿತು. ಆಮೇಲೆ ಚಾವಣಿಗಳ ಮೇಲೆ ಹೊಗೆ ಎದ್ದಿತು, ಕೂದಲು ಸುಟ್ಟ ಕಮಟು ವಾಸನೆ ಬಂತು. ಯಾರ ಮನೆಯಲ್ಲೋ ಕುರಿತಲೆ ಸುಡುತ್ತಿದ್ದಾರೆ ಎಂದುಕೊಂಡಳು ಹೋಸಿಯತ್.

ಬಹ್ರಿ ಬಂದಾಗ ಅವಳ ಮುಖ ಬರಿದಾಗಿತ್ತು. ಬಿಸಿಲು ತಾಗದ ಕೆನ್ನೆ ಕೆಂಪಾಗಿ, ಕಣ್ಣು ಹೊಳೆಯುತ್ತಿದ್ದವು. ತಲೆಗೆ ಕೆಂಪು ವಸ್ತ್ರ. ಜ್ವರ ಬಂದವಳ ಹಾಗೆ ಒಂದೇ ಸಮನೆ ಮಾತಾಡಿದಳು. "ಗಾಳಿ, ಓಪಾ! ಮುಖಕ್ಕೆ ಗಾಳಿ ಹೊಡೀತು! ಚಿಕ್ಕೋಳಿದ್ದಾಗ ಹೊಡೆದಿತ್ತಲ್ಲ, ಅದೇ ಗಾಳಿ. ಒಬ್ಬೊಬ್ಬರೇ ತೆಗೆದು ತೆಗೆದು ಬೆಂಕಿಗೆ ಹಾಕಿದ್ರು. ನಾನೂ ಹಾಕ್ದೆ."

ಹೋಸಿಯತ್ ಬಾನಿಯಿಂದ ಕೈ ತೆಗೆದಳು. "ಏನ್ ಹಾಕ್ದೆ?"

ಬಹ್ರಿಯ ಕೈ ತಲೆಯ ಕೆಂಪು ವಸ್ತ್ರಕ್ಕೆ ಹೋಯಿತು.

"ಬಹ್ರಿ, ನಾಡಿದ್ದು ಶುಕ್ರವಾರ."

ಬಹ್ರಿ ನೆಲದ ಮೇಲೆ ಕೂತಳು. "ಆ ಹೊತ್ತಿಗೆ ನೀನು ನನಗೆ ನೆನಪಾಗ್ಲಿಲ್ಲ, ಓಪಾ."

ಬಟ್ಟೆ ಹೋದದ್ದಕ್ಕಿಂತ ಆ ಮಾತು ಹೋಸಿಯತ್‌ಗೆ ಹೆಚ್ಚು ನಾಟಿತು. ಸುಳ್ಳಾದರೂ ಹೇಳಬಹುದಿತ್ತು, ಹೇಳಲಿಲ್ಲ. ಅವಳು ಮತ್ತೆ ಬಾನಿಗೆ ಕೈ ಹಾಕಿ ನೂಲಿನ ತುದಿ ಹುಡುಕಿದಳು. ತುದಿ ಸಿಗಲಿಲ್ಲ.

ಸಂಜೆ ಎರ್ಗಶ್ ತಮ್ಮನ ಹೆಂಡತಿಯ ಮುಖ ನೋಡದೆ, ಗೋಡೆ ನೋಡಿಕೊಂಡು ಮಾತಾಡಿದ. "ಮೂಮಿನ್, ನಿನ್ನ ಹೆಂಡ್ತಿ ವಿಷಯ ನಿಂದು. ನನ್ನ ಹೆಂಡ್ತಿ ಬರಿ ಮುಖದಲ್ಲಿ ಹೊಸಿಲು ದಾಟಿದ್ರೆ ವಾಪಸ್ ಈ ಹೊಸಿಲಿಗೆ ಬರೋದು ಬೇಡ. ಇಷ್ಟೇ."

ಮೂಮಿನ್ ಒಳ್ಳೆಯವನು, ಆದರೆ ಅಣ್ಣನ ಮುಂದೆ ಅವನ ದನಿ ಏಳುತ್ತಿರಲಿಲ್ಲ.

ಎರವಲು ಕೇಳೋಣವೆಂದರೆ ಕೇರಿಯ ಹೆಂಗಸರು ಕೊಡಲಿಲ್ಲ. ಮುಂಚೆ ಎರವಲು ಕೊಡುವುದು ತಗೊಳ್ಳುವುದು ಉಪ್ಪಿನಷ್ಟೇ ಸಲೀಸಾಗಿತ್ತು. ಈಗ ಗೋಡೆಯಾಚೆಯಿಂದ ಉತ್ತರ ಬಂತು: "ಸುಡೋ ಮನೆಗೆ ಯಾರಮ್ಮ ಕೊಡ್ತಾರೆ? ಇದೂ ಬೆಂಕಿಗೆ ಹೋದ್ರೆ ನಾನೇನು ಹೊದ್ಕೊಳ್ಳಲಿ, ನಿಮ್ಮ ಹೊಗೇನಾ?"

ಶುಕ್ರವಾರ ಹೋಸಿಯತ್ ಗಂಡನ ಹತ್ತಿ ತುಂಬಿದ ಉದ್ದ ಅಂಗಿ, ಚಾಪಾನನ್ನು ತಲೆಯ ಮೇಲಿಂದ ಹೊದ್ದು ಕೊರಳ ಹತ್ತಿರ ಬಿಗಿಯಾಗಿ ಹಿಡಿದು ಹೊರಟಳು. ಚಹಾದಂಗಡಿಯ ಮೂಲೆಯವರೆಗೂ ಹೋದಳು. "ಲೋ ಎರ್ಗಶ್, ನಿನ್ನ ಚಾಪಾನ್ ಒಂದೇ ನಡ್ಕೊಂಡು ಹೋಗ್ತಿದೆ, ಬಾರೋ!" ಎಂದು ಯಾರೋ ಕೂಗಿದರು. ಕಟ್ಟೆ ತುಂಬ ನಗು. ಎರ್ಗಶ್ ಓಡಿ ಬಂದು ತೋಳು ಹಿಡಿದು ಎಳೆದುಕೊಂಡು ಹೋದ. ಬಾಗಿಲು ಹಾಕಿದ ಮೇಲೂ ಅವನು ಹೊಡೆಯಲಿಲ್ಲ. ಚಾಪಾನನ್ನು ಕೊಡವಿ ಗೂಟಕ್ಕೆ ಹಾಕಿ, "ನನಗೂ ಮಾನ ಅನ್ನೋದೊಂದಿದೆ ಕಣೇ," ಎಂದ. ಅವನ ಕಣ್ಣಲ್ಲಿ ನೀರಿತ್ತು.

ಅಂದೇ ಬಹ್ರಿ ಗಂಜಿ ಕಾಯಿಸಿ, ಮಡಕೆಗೆ ಬಟ್ಟೆ ಸುತ್ತಿಕೊಂಡು ಓರಗಿತ್ತಿಯ ಬದಲು ತಾನೇ ಕಾಲುವೆ ದಾಟಿದಳು. ಆ ಕೇರಿಯ ಹೆಂಗಸರು ಬರಿ ಮುಖದವಳನ್ನು ಒಳಗೆ ಬಿಡಲಿಲ್ಲ. ಗಂಜಿಯನ್ನೂ ಮುಟ್ಟಲಿಲ್ಲ. ಅವಳು ವಾಪಸ್ ಬಂದಾಗ ಗಂಜಿ ಮಡಕೆಯಲ್ಲಿ ಹಾಗೇ ಗಟ್ಟಿಯಾಗಿತ್ತು.

"ನೋಡಿದ್ಯಾ ಓಯಿನ?" ಕೇಳಿದಳು ಹೋಸಿಯತ್. ಓಯಿ ಎಂದರೆ ತಾಯಿ.

"ಬಾಗಿಲ ಸಂದಿಯಿಂದ ನೋಡ್ದೆ. ಬಾಗಿಲ ಕಡೆಗೇ ಮುಖ ಮಾಡಿ ಮಲಗಿದಾರೆ. ನನ್ನ ಹೆಜ್ಜೆ ಕೇಳಿ 'ಹೋಸಿಯತ್, ಬಂದ್ಯಾ' ಅಂದ್ರು."

"ನೀನೇನಂದೆ?"

"ಏನೂ ಅನ್ಲಿಲ್ಲ. ಏನನ್ಲಿ?"

ಇನ್ನೊಂದು ಶುಕ್ರವಾರ ಬಂತು, ಹೋಯಿತು. ಹಿಪ್ಪುನೇರಳೆ ಚಿಗುರಿತು. ಮುದುಕಿ ಈಗ ಚಹಾ ಕೂಡ ಕುಡಿಯುತ್ತಿಲ್ಲ ಎಂದು ರೊಟ್ಟಿ ಮಾರುವವಳು ಬಂದು ಹೇಳಿದಳು. ಹೋಸಿಯತ್ ಅಳಲಿಲ್ಲ, ಬಹ್ರಿಯ ಜೊತೆ ಮಾತು ಬಿಟ್ಟಳು. ಇಬ್ಬರೂ ಒಂದೇ ಬಾನಿಯ ಎದುರುಬದುರು ಕೂತು, ಒಂದೇ ನೀರಿನಿಂದ ನೂಲು ತೆಗೆಯುತ್ತ, ಒಬ್ಬರ ಮುಖ ಒಬ್ಬರು ನೋಡದೆ ದಿನ ಕಳೆದರು.

ಒಂದು ಬೆಳಿಗ್ಗೆ ಬಹ್ರಿ ತನ್ನ ಮದುವೆಯ ರಜಾಯಿಯ ಮೇಲ್ಬಟ್ಟೆ ಬಿಚ್ಚಿ ಅಂಗಳದಲ್ಲಿ ಹರಡಿದಳು. ನೀಲಿ ಬಟ್ಟೆ, ಸಣ್ಣ ಬಿಳಿ ಗೀಟು. ಆಮೇಲೆ ಹಗ್ಗದ ತುಂಡು ಹಿಡಿದು ಬಂದು ಹೋಸಿಯತ್‌ಳ ಹಿಂದೆ ನಿಂತಳು. "ಎದ್ದು ನಿಲ್ಲು, ಓಪಾ."

ಹೋಸಿಯತ್ ನೂಲು ಎಳೆಯುತ್ತಲೇ ಇದ್ದಳು.

"ನಿಲ್ಲು ಅಂದ್ರೆ ನಿಲ್ಲು."

ನೆತ್ತಿಯಿಂದ ಹಿಮ್ಮಡಿಗೆ ಅಳತೆ ಹಿಡಿದು ಹಗ್ಗಕ್ಕೆ ಗಂಟು ಹಾಕಿದಳು. ಹೋಸಿಯತ್‌ಗೆ ಅರ್ಥವಾಯಿತು, ಆದರೆ ನಂಬಿಕೆ ಬರಲಿಲ್ಲ. ಮೂಮಿನ್ ಮಗ್ಗದ ಕೋಣೆಯಿಂದ ಇಣುಕಿ, "ಸುಟ್ಟೋಳೇ ಹೊಲಿಯಕ್ಕೆ ಕೂತ್ಲಲ್ಲಪ್ಪ! ಕ್ಲಬ್ಬಿನೋರು ನೋಡಿದ್ರೆ ನಿನ್ನ ಹೆಸರು ಹೊಡೆದು ಹಾಕ್ತಾರೆ," ಎಂದ.

"ಹಾಕ್ಲಿ ಬಿಡು. ನಂದು ನಾನು ಸುಟ್ಟೆ, ಅದು ಸರಿ. ಅವಳದ್ದನ್ನ ಸುಡೋದಕ್ಕೆ ನಾನ್ಯಾರು? ಅವಳದ್ದು ಅವಳಿಗೆ ಕೊಡ್ತೀನಿ. ಬೇಕಾದ್ರೆ ಸುಡ್ತಾಳೆ, ಬೇಡದಿದ್ರೆ ಹೊದೀತಾಳೆ."

ಹೊಲಿಗೆ ಮುಗಿಯಿತು. ಆದರೆ ಚಚ್ವಾನ್ ಮನೆಯಲ್ಲಿ ಹೆಣೆಯಲು ಬರುವಂಥದ್ದಲ್ಲ. ಅದನ್ನು ಮಾಡುವವರು ಊರಾಚೆಯ ಲೂಲಿಗಳು, ಕುದುರೆ ಕೂದಲಿನ ಜಾಲರಿ ಜರಡಿ ಹೆಣೆದು ಮಾರಿ ಬದುಕುವ ಅಲೆಮಾರಿ ಜನ. ಬಹ್ರಿ ಹೋಗಿ ಅಳತೆ ಕೊಟ್ಟು ಬಂದಳು. ಸಿದ್ಧವಾಗಿದೆ ಎಂದು ಸುದ್ದಿ ಬಂದ ದಿನ, ಮಧ್ಯಾಹ್ನದ ಊಟವಾದ ಮೇಲೆ ಗುಲ್ಸುಮ್‌ಳನ್ನು ಹೋಸಿಯತ್‌ಳ ಮಡಿಲಿಗೆ ಹಾಕಿದಳು.

"ನಾಳೆ ಶುಕ್ರವಾರ, ಓಪಾ. ಈ ಸಲ ಬೀದಿ ಗುಡಿಸೋರು ಪಾಪ ತಾವೇ ಗುಡಿಸ್ಕೋಬೇಕು."

ಹೋಸಿಯತ್‌ಗೆ ನಗು ಬಂತು. ಮಾತು ಬಿಟ್ಟಿದ್ದಳಲ್ಲ, ಬಾಯಿ ತೆರೆಯಲಿಲ್ಲ. ಬರೀ ಬಾಗಿಲವರೆಗೂ ಹೋಗಿ ನಿಂತಳು. ಬಹ್ರಿ ತಲೆ ಬಗ್ಗಿಸಿ ಚೌಕಟ್ಟು ದಾಟಿದಳು.

ಮುಂದಿನದನ್ನು ಹೋಸಿಯತ್ ಕಂಡದ್ದಲ್ಲ. ಜಾಲರಿ ಹೆಣೆದ ಲೂಲಿ ಮುದುಕಿ ನೋರ್ಬಿಬಿ ಆಮೇಲೆ ಬಂದು ಹೇಳಿದ್ದು.

ಬಹ್ರಿಗೆ ಸತ್ವಾಲ್ಡಿ ಎಂಬ ಅಣ್ಣನಿದ್ದ. ಕುದುರೆಯ ಜೀನು ಹೊಲಿಯುವವನು, ಮಾತು ಕಡಿಮೆ. ತಂಗಿ ಮುಖ ತೆರೆದ ದಿನದಿಂದ ಅವನು ಚಹಾದಂಗಡಿಗೆ ಹೋದರೆ ಸಾಕು, ಯಾವನಾದರೊಬ್ಬ, "ಸತ್ವಾಲ್ಡಿ, ಇವತ್ತು ನಿನ್ನ ತಂಗೀನ ನೋಡ್ದೆ ಕಣೋ. ಕೆನ್ನೆ ಮೇಲೆ ಮಚ್ಚೆ ಇದೆ ಅಂತ ನೀನು ಹೇಳೇ ಇರ್ಲಿಲ್ಲ," ಅನ್ನುವನು. ಅವನು ಚಹಾ ಬಿಟ್ಟು ಎದ್ದುಬರುವನು. ಆ ದಿನ ಯಾರೋ ಅವನ ಅಂಗಡಿಗೇ ಹೋಗಿ, ಅವಳು ಲೂಲಿಗಳ ಕಡೆ ಹೊರಟಿದ್ದಾಳೆ, ಆ ಕಡೆ ಹೋಗುವ ಹೆಂಗಸರು ಏತಕ್ಕೆ ಹೋಗುತ್ತಾರೆ ನಿನಗೆ ಗೊತ್ತಿಲ್ಲವೇ ಎಂದರಂತೆ. ಅವನು ಕೈಲಿದ್ದ ಚರ್ಮ ಕೊಯ್ಯುವ ಕತ್ತಿ ಕೆಳಗಿಡದೆ ಎದ್ದು ಹೋದ.

ಬಹ್ರಿ ಗಂಟು ಕಂಕುಳಲ್ಲಿಟ್ಟುಕೊಂಡು ನೋರ್ಬಿಬಿಯ ಗುಡಿಸಲಿನಿಂದ ಹೊರಬಂದಿದ್ದಳು. ಅಣ್ಣನನ್ನು ಕಂಡು ನಕ್ಕಳಂತೆ. ಕಾದಿದ್ದ ಸುದ್ದಿ ಹೇಳುವವಳ ಹಾಗೆ ಬಾಯಿ ತೆರೆದಳಂತೆ.

"ಬಿಸಿಲಿನ್ನೂ ಇತ್ತು," ಎಂದಳು ನೋರ್ಬಿಬಿ. "ಎಲ್ಲಾ ಕಾಣಿಸ್ತಿತ್ತು. ಅವಳು ಬಿದ್ಲು, ಗಂಟು ಬಿಚ್ಚಿ ಜಾಲರಿ ಉರುಳ್ಕೊಂಡು ಹೋಯ್ತು. ನಾನು ಕಿರುಚಿದೆ, 'ನೋಡೋ ಪಾಪಿ, ಅವಳು ಏನ್ ತಗೊಂಡು ಹೋಗ್ತಿದ್ಲು ಅಂತ ಬಗ್ಗಿ ನೋಡೋ' ಅಂದೆ. ನೋಡ್ದ. ಕೈಲಿ ಎತ್ಕೊಂಡ. ಆ ಕಡೆ ಈ ಕಡೆ ತಿರುಗ್ಸಿದ. 'ಇವಳು ಮತ್ತೆ ಹೊದೀಬೇಕು ಅಂತಿದ್ಲಾ' ಅಂದ. ನಾನು ಇಲ್ಲ ಅನ್ಲಿಲ್ಲ, ಹೌದು ಅನ್ಲಿಲ್ಲ. ಅಲ್ಲೇ ದಾರೀಲಿ ಕೂತ್ಬಿಟ್ಟ. ಪೊಲೀಸ್ನೋರು ಬರೋವರೆಗೂ ಏಳ್ಲಿಲ್ಲ."

ಬಹ್ರಿಯನ್ನು ಬಾಗಿಲ ಹಲಗೆಯ ಮೇಲೆ ಮಲಗಿಸಿ ಮನೆಗೆ ತಂದರು. ಕೇರಿಯ ಹೆಂಗಸರು ಬಂದರು, ಗೋಡೆಯಾಚೆಯಿಂದ ಇಲ್ಲವೆಂದವರೂ ಬಂದರು. ಅಂಗಳದಲ್ಲಿ ಸುತ್ತುಗಟ್ಟಿ ಎದೆ ಬಡಿದುಕೊಂಡು ಹಾಡಿ ಅತ್ತರು. ಹೋಸಿಯತ್ ಆ ಸುತ್ತಿನಲ್ಲಿ ಸೇರಲಿಲ್ಲ. ಬಾನಿಯ ಹತ್ತಿರ ಕೂತು ಗುಲ್ಸುಮ್‌ಗೆ ಖಾಲಿ ಗೂಡುಗಳನ್ನು ಒಂದೊಂದಾಗಿ ಕೊಡುತ್ತಿದ್ದಳು. ಮಗು ಅವನ್ನು ನೀರಿಗೆ ಹಾಕಿ ತೇಲಿಬಿಡುತ್ತಿತ್ತು. ಗಂಡಸರು ಹೆಣ ಎತ್ತಿಕೊಂಡು ಹೋದರು. ಹೆಂಗಸರು ಗೋರಿಗೆ ಹೋಗುವಂತಿಲ್ಲ.

ಎಲ್ಲರೂ ಹೋದ ಮೇಲೆ ನೋರ್ಬಿಬಿ ಮಡಿಲಿನಿಂದ ಜಾಲರಿ ತೆಗೆದು ಕೊಟ್ಟಳು. ತೊಳೆದಿದ್ದಳು.

"ಪೊಲೀಸ್ನೋರಿಗೆ ಕಾಣದ ಹಾಗೆ ಎತ್ತಿಟ್ಟಿದ್ದೆ. ಇದು ನಿಂದಲ್ವೇನಮ್ಮ, ಗಿಡ್ಡಮ್ಮ? ಅಳತೆ ಕೊಡೋವಾಗ ನಿನ್ನ ಹೆಸರೇ ಹೇಳಿದ್ಲು. ಬಾಯಿ ಹತ್ರ ಹೆಣಿಗೆ ಬಿಡಿ ಬಿಡಿಯಾಗಿರ್ಲಿ, ಅವಳಿಗೆ ಬೇಗ ಉಸಿರು ಕಟ್ಟತ್ತೆ ಅಂದ್ಲು. ನಾನು ಅಂಗೆಲ್ಲಾ ಹೆಣೆಯೋಳಲ್ಲ. ಅವಳು ಬಿಡ್ಲಿಲ್ಲ."

ಹೋಸಿಯತ್ ತನಗೆ ಉಸಿರು ಕಟ್ಟುತ್ತದೆಂದು ಯಾರಿಗೂ ಹೇಳಿರಲಿಲ್ಲ.

ಶುಕ್ರವಾರ ಅವಳು ನೀಲಿ ಪರಂಜಿ ಹೊದ್ದಳು, ಜಾಲರಿ ಇಳಿಬಿಟ್ಟಳು, ಗಂಜಿಯ ಮಡಕೆ ಹಿಡಿದಳು. ಮಗ್ಗದ ಕೋಣೆಯಲ್ಲಿ ಲಾಳಿಯ ಸದ್ದು ನಿಂತಿತು. ಬೀದಿಗೆ ಬಂದು ಕೆಲವು ಹೆಜ್ಜೆ ಇಟ್ಟ ಮೇಲೆ ಅವಳಿಗೆ ಏನೋ ಮರೆತಂತಾಯಿತು. ಕೈ ತಾನಾಗಿಯೇ ಅಂಚು ಎತ್ತಿ ಹಿಡಿಯಲು ಹೋಗಿತ್ತು. ಅಂಚು ನೆಲಕ್ಕೆ ತಾಗುತ್ತಿರಲಿಲ್ಲ. ಹಿಮ್ಮಡಿಯ ಹತ್ತಿರ ಸರಿಯಾಗಿ ನಿಂತಿತ್ತು. ಮದುವೆಯಾಗಿ ಬಂದಂದಿನಿಂದ ತನ್ನ ಅಳತೆಯ ಬಟ್ಟೆ ಹೊದ್ದು ಅವಳು ಬೀದಿಗಿಳಿದದ್ದು ಅಂದೇ. ಕಾಲುವೆಯ ಹಲಗೆ ದಾಟುವಾಗ ಜಾಲರಿಯೊಳಗೆ ಅವಳ ಅಳು ಬಿಚ್ಚಿತು. ಹೊರಗಿನವರಿಗೆ ಯಾರಿಗೂ ಕಾಣಲಿಲ್ಲ.

ತಾಯಿ ಬದುಕಿದ್ದಳು. ಬಾಗಿಲ ಕಡೆ ಮುಖ ಮಾಡಿಯೇ ಮಲಗಿದ್ದಳು.

"ಬಂದ್ಯಾ? ಯಾಕೆ ಇಷ್ಟು ದಿನ ಬರ್ಲಿಲ್ಲ?"

"ಆಗ್ಲಿಲ್ಲ, ಓಯಿ."

ಗಂಜಿ ಎರಡು ಚಮಚ ಒಳಗೆ ಹೋಯಿತು. ತಲೆ ತೊಳೆಯುವಾಗ ಮುದುಕಿ ಕೈಯಾಡಿಸಿ ಪರಂಜಿಯ ಅಂಚು ಹಿಡಿದು ನೋಡಿದಳು. "ಹೊಸದು. ಹೊಲಿಗೆ ಒತ್ತಾಗಿದೆ. ಬಹ್ರಿಗೆ ಬೇರೆ ಇದೆಯೇನು ಹಾಗಾದ್ರೆ?"

"ಅವಳಿಗೆ ಬೇಕಾಗಿಲ್ಲ, ಓಯಿ," ಎಂದು ಹೋಸಿಯತ್ ಜಡೆ ಹೆಣೆಯತೊಡಗಿದಳು.

ಜರ್ದಾಳು ಹಣ್ಣಾಗುವವರೆಗೆ ಮುದುಕಿ ಬದುಕಿದಳು. ಒಂದು ಶುಕ್ರವಾರವೂ ತಪ್ಪಲಿಲ್ಲ. ಕೊನೆಯ ಗುಟುಕು ನೀರು ಮಗಳ ಕೈಯಿಂದಲೇ ಕುಡಿದಳು.

ಸತ್ವಾಲ್ಡಿಯನ್ನು ಊರ ಮುಂದೆ ವಿಚಾರಣೆ ಮಾಡಿ ಕರೆದೊಯ್ದರು, ತಿರುಗಿ ಬರಲಿಲ್ಲ. ಕ್ಲಬ್ಬಿನ ಹೆಂಗಸರು ಬಹ್ರಿಯ ದೊಡ್ಡ ಚಿತ್ರ ಬರೆಸಿ ಕೆಂಪು ಬಟ್ಟೆ ಕಟ್ಟಿ ಮೆರವಣಿಗೆ ಮಾಡಿದರು. ಮನೆಗೂ ಬಂದರು. "ನಿಮ್ಮ ಓರಗಿತ್ತಿಯ ಹೆಸರಲ್ಲಿ ನೀವೂ ಇವತ್ತು ಇದನ್ನ ಬಿಸಾಕಿ, ಓಪಾ. ಅವಳ ಆತ್ಮಕ್ಕೆ ಸಮಾಧಾನ ಆಗತ್ತೆ," ಎಂದರು. ಹೋಸಿಯತ್ ನೀಲಿ ಬಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಬಲವಂತ ಮಾಡಿದಾಗ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಂದಿನಿಂದ ಅವಳಿಗೆ 'ಹಿಂದುಳಿದವಳು' ಎಂಬ ಹೆಸರಾಯಿತು. ಕೇರಿಯ ಮುಲ್ಲಾ ಅವಳನ್ನು ಧರ್ಮ ಬಿಡದವಳು ಎಂದು ಹೊಗಳಿದ. ಆ ಹೊಗಳಿಕೆ ಕೇಳಿದ ಮೇಲೆ ಅವಳು ಅವನ ಮನೆಯ ಮುಂದೆ ಹಾಯುವುದನ್ನೇ ಬಿಟ್ಟಳು.

ಮೂಮಿನ್ ಮತ್ತೆ ಮದುವೆಯಾಗಿ ಕೊಕಂದ್ ಪಟ್ಟಣಕ್ಕೆ ಹೋದ. ಗುಲ್ಸುಮ್ ದೊಡ್ಡಮ್ಮನ ಹತ್ತಿರವೇ ಬೆಳೆದಳು. ತಾಯಿಯ ಎತ್ತರ, ತಾಯಿಯ ಮಚ್ಚೆ. ಓದಿ ಉಪಾಧ್ಯಾಯಿನಿಯಾದಳು. ಮಾರ್ಚ್ ಎಂಟಕ್ಕೆ ಅವಳನ್ನು ಚೌಕದ ವೇದಿಕೆ ಹತ್ತಿಸುವರು. "ನನ್ನ ತಾಯಿ ಅಕ್ಷರ ಕಲಿಯಲು ಹೋಗುವ ದಾರಿಯಲ್ಲಿ ಪ್ರಾಣ ಕೊಟ್ಟಳು," ಎಂದು ಅವಳು ಗಟ್ಟಿ ದನಿಯಲ್ಲಿ ಹೇಳುವಳು. ಹೋಸಿಯತ್ ಹಿಪ್ಪುನೇರಳೆ ಮರದ ಹಿಂದೆ, ಜಾಲರಿಯೊಳಗೆ ನಿಂತು ಕೇಳುವಳು.

"ಎಲ್ಲರ ಮುಂದೆ ನನಗೆ ತಲೆ ಎತ್ತಕ್ಕಾಗಲ್ಲ ದೊಡ್ಡಮ್ಮ," ಎಂದಳು ಒಂದು ವರ್ಷ ಗುಲ್ಸುಮ್, ಮನೆಗೆ ಬಂದು. "ನಮ್ಮಮ್ಮ ಯಾವುದನ್ನ ಸುಟ್ಟು ಸತ್ಲೋ ಅದನ್ನೇ ಹೊದ್ಕೊಂಡು ಅವಳ ಸಭೆಗೆ ಬರ್ತೀಯಲ್ಲ! ನಿನಗೆ ಅವಳ ಮೇಲೆ ಅಷ್ಟು ಹೊಟ್ಟೆಕಿಚ್ಚಾ?"

ಹೇಳಬೇಕೆಂದು ಹೋಸಿಯತ್‌ಳ ನಾಲಿಗೆ ತುದಿಗೆ ಬಂತು. ಅದೆಲ್ಲಿಂದ ಬಂತು, ಯಾರು ಹೊಲಿದರು, ಯಾರು ತರಲು ಹೋದರು. ಹೇಳಿದರೆ ಈ ಹುಡುಗಿ ನಾಳೆ ವೇದಿಕೆಯ ಮೇಲೆ ಏನು ಹೇಳುತ್ತಾಳೆ? ಆ ಒಂದು ವಾಕ್ಯ ಬಿಟ್ಟರೆ ತಾಯಿ ಎಂದು ಅವಳ ಹತ್ತಿರ ಇರುವುದಾದರೂ ಏನು? "ಊಟಕ್ಕೆ ಕೂರು, ಆರತ್ತೆ," ಎಂದಳು ಹೋಸಿಯತ್.

ವರ್ಷಗಳು ಕಳೆದವು. ಬಾಯಿಯ ಹತ್ತಿರ ಹೆಣಿಗೆ ಸಡಿಲವಾಗಿದ್ದ ಕಡೆ ಜಾಲರಿ ಮೊದಲು ಹರಿಯಿತು. ಕುದುರೆ ಕೂದಲು ಈಗ ಎಲ್ಲೂ ಸಿಗುತ್ತಿರಲಿಲ್ಲ. ಅವಳು ತನ್ನ ತಲೆಯ ಕೂದಲನ್ನೇ ಹೊಸೆದು ತೇಪೆ ಹಾಕಿದಳು. ಕರಿ ಜಾಲರಿಯ ನಡುವೆ ಬಿಳಿ ತೇಪೆ. ಯುದ್ಧ ಬಂತು, ಮುಗಿಯಿತು. ಎರ್ಗಶ್ ತೀರಿಕೊಂಡ. ಹರಕು ದೊಡ್ಡದಾಯಿತು, ನೀಲಿ ಬಟ್ಟೆ ಮಡಿಕೆಗಳಲ್ಲಿ ಪಿಸಿಯಿತು. ಒಂದು ಚಳಿಗಾಲ ಅವಳು ಅದನ್ನು ಗೂಟದಿಂದ ಇಳಿಸಿ ಮಡಿಸಿ ಪೆಟ್ಟಿಗೆಯಲ್ಲಿಟ್ಟು, ತಲೆಗೆ ಬಿಳಿ ವಸ್ತ್ರ ಕಟ್ಟಿಕೊಂಡು ಬರಿ ಮುಖದಲ್ಲಿ ಅಂಗಡಿಗೆ ಹೋದಳು. ಯಾರೂ ತಿರುಗಿ ನೋಡಲಿಲ್ಲ. ಕೇರಿಯಲ್ಲಿ ಅವಳದೇ ಕೊನೆಯದಾಗಿತ್ತು. "ಅಂತೂ ಮುದುಕಿಗೆ ಬುದ್ಧಿ ಬಂತು," ಎಂದರು.

ಜಾಲರಿಯಲ್ಲಿ ಹರಿಯದೆ ಉಳಿದ ಭಾಗವನ್ನು ಅವಳು ಕತ್ತರಿಸಿ ನೋರ್ಬಿಬಿಯ ಮೊಮ್ಮಗಳ ಹತ್ತಿರ ಒಯ್ದು ಮರದ ಬಳೆಗೆ ಕಟ್ಟಿಸಿದಳು. ಅದು ಹಿಟ್ಟಿನ ಜರಡಿಯಾಯಿತು.

ಸತ್ತವರ ನೆನಪಿಗೆ ನಾವು ಬಾಣಲೆಯಲ್ಲಿ ಎಣ್ಣೆ ಕಾಯಿಸುತ್ತೇವೆ. ಆ ವಾಸನೆ ಅವರನ್ನು ಮುಟ್ಟುತ್ತದೆ ಎನ್ನುತ್ತಾರೆ. ಬಹ್ರಿ ಸತ್ತ ದಿನ ಬಂದಾಗ ಹೋಸಿಯತ್ ಅಂಗಳದಲ್ಲಿ ಒಲೆ ಹಚ್ಚಿ, ಆ ಜರಡಿಯಲ್ಲಿ ಹಿಟ್ಟು ಸೋಸುತ್ತ ಕೂತಿದ್ದಳು. ಗುಲ್ಸುಮ್ ಶಾಲೆಯಿಂದ ಬಂದು ಪಕ್ಕದಲ್ಲಿ ಕೂತಳು. ಅವಳ ತಲೆಯಲ್ಲೂ ಈಗ ಒಂದೆರಡು ಬಿಳಿ ಕೂದಲು.

"ಹಿಟ್ಟು ಎಷ್ಟು ನುಣ್ಣಗೆ ಬೀಳತ್ತೆ. ಇದೆಲ್ಲಿತ್ತು ದೊಡ್ಡಮ್ಮ, ಈ ಜರಡಿ?"

ಹೋಸಿಯತ್ ಜರಡಿಯ ಅಂಚನ್ನು ಮೆಲ್ಲಗೆ ತಟ್ಟಿದಳು. "ಜಾಲರಿ ನಿಮ್ಮಮ್ಮ ತಂದಿದ್ದು. ಲೂಲಿಗಳ ಹತ್ರ ಹೋಗಿ ಮಾಡಿಸಿದ್ಲು, ನನಗೋಸ್ಕರ."

ಗುಲ್ಸುಮ್ ಜರಡಿಯನ್ನು ಕೈಗೆ ತಗೊಂಡು ಬೆಳಕಿಗೆ ಹಿಡಿದಳು. ಅಷ್ಟು ವರ್ಷ ತಾಯಿಯ ವಿಷಯ ಅವಳೇ ಊರಿಗೆ ಹೇಳುತ್ತಿದ್ದಳೇ ಹೊರತು, ಯಾರನ್ನೂ ಏನೂ ಕೇಳಿರಲಿಲ್ಲ.

"ಹೇಗಿದ್ಲು ದೊಡ್ಡಮ್ಮ, ನಮ್ಮಮ್ಮ?"

ಎಣ್ಣೆ ಹೊಗೆಯಾಡಲು ಶುರುವಾಗಿತ್ತು. ಹೋಸಿಯತ್ ಬಾಗಿಲ ಚೌಕಟ್ಟಿನ ಕಡೆ ನೋಡಿದಳು.

"ಎತ್ತರ ಇದ್ಲು," ಎಂದಳು. "ಹೊರಗೆ ಹೋಗೋವಾಗ ತಲೆ ಬಗ್ಗಿಸ್ಬೇಕಾಗ್ತಿತ್ತು."